ಮುಳ್ಳಯ್ಯನಗಿರಿಯ ಎತ್ತರದಲ್ಲಿ ಊಟ: ಬಿಸಿನೆಸ್ ಕ್ಲಾಸ್ ತಟ್ಟೆ ಯಾಕೆ ಸಪ್ಪೆ?

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಹೊರಡುವ ಹಿರಿಯರ ಮಂಡಿನೋವು, ಬೆನ್ನುನೋವು ನೆನೆದು ಮಕ್ಕಳು ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸುವುದೂ ಅಪರೂಪವಲ್ಲ. ಹೋಗಿ ಬಂದವರು ಕಾಲು ಚಾಚಿ ಮಲಗಿದ್ದನ್ನು ಬಾಯಿ ತುಂಬ ಹೊಗಳುತ್ತಾರೆ. ಊಟದ ಮಾತು ಬಂದಾಗ ಮಾತ್ರ ದನಿ ಇಳಿಯುತ್ತದೆ. ಬಿಳಿ ಬಟ್ಟೆ ಹಾಸಿದರು, ಪಿಂಗಾಣಿ ತಟ್ಟೆ ಇಟ್ಟರು, ಕೇಳಿ ಕೇಳಿ ಬಡಿಸಿದರು. ಆದರೆ ಪಲ್ಯಕ್ಕೆ ಉಪ್ಪಿಲ್ಲ, ಪಾಯಸಕ್ಕೆ ಸಿಹಿಯಿಲ್ಲ, ಅನ್ನ ಗಟ್ಟಿ. ಅಷ್ಟು ಲಕ್ಷ ಕೊಟ್ಟ ಮೇಲೂ ಹೀಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ದೂರನ್ನು ಅಡುಗೆಯವರ ತಲೆಗೆ ಕಟ್ಟಿಬಿಡುವುದು ಸುಲಭ. ಆದರೆ ವಿಮಾನದಲ್ಲಿ ಅಡುಗೆ ಎಂಬುದು ಬಹುಮಟ್ಟಿಗೆ ನಡೆಯುವುದೇ ಇಲ್ಲ. ಬೆಂಕಿಯ ಒಲೆ ಅಲ್ಲಿಲ್ಲ, ಒಗ್ಗರಣೆಯ ಸದ್ದಿಲ್ಲ. ಮುಂದಿನ ಸಾಲಿನವರಿಗೂ ಹಿಂದಿನ ಸಾಲಿನವರಿಗೂ ಬರುವುದು ನೆಲದ ಮೇಲೆ ಬೇಯಿಸಿ, ತಣಿಸಿ, ಆಕಾಶದಲ್ಲಿ ಮತ್ತೆ ಬಿಸಿ ಮಾಡಿದ ಊಟ. ಅದನ್ನು ಒಳ್ಳೆಯ ಹೋಟೆಲಿನ ಊಟದ ಪಕ್ಕ ಇಟ್ಟು ತೂಗಿದರೆ ಯಾವ ವಿಮಾನಸಂಸ್ಥೆಯೂ ಗೆಲ್ಲುವುದಿಲ್ಲ. ಕಾಯಿಸಿಟ್ಟರೂ ಕೆಡದ, ಇಟ್ಟಷ್ಟೂ ರುಚಿ ಕೂಡುವ ಪದಾರ್ಥಗಳನ್ನು ಆರಿಸುವ ಬುದ್ಧಿ ಯಾವ ಸಂಸ್ಥೆಗಿದೆ ಎಂದು ಕೇಳಿದರೆ ಮಾತ್ರ ಗುಣಮಟ್ಟದ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಮೊದಲು ನಮ್ಮ ನಾಲಿಗೆಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ದೂರದ ವಿಮಾನಗಳು ಸಾಮಾನ್ಯವಾಗಿ 35,000 ಅಡಿಯ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಹಾರುತ್ತವೆ. ಅಲ್ಲಿನ ಗಾಳಿಯಲ್ಲಿ ಉಸಿರಾಡಲಾಗದ ಕಾರಣ ಒಳಗೆ ಒತ್ತಡ ತುಂಬಿ ಇಡುತ್ತಾರೆ. ಆದರೆ ನೆಲಮಟ್ಟದಷ್ಟು ತುಂಬುವುದಿಲ್ಲ, ತುಂಬಿದರೆ ವಿಮಾನದ ಮೈ ಇನ್ನಷ್ಟು ಗಟ್ಟಿಯಾಗಿ, ಭಾರವಾಗಿ ಇರಬೇಕಾಗುತ್ತದೆ. ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳಲ್ಲಿ ಸುಮಾರು 6,000 ಅಡಿ, ಹಳೆಯವುಗಳಲ್ಲಿ 8,000ದ ಹತ್ತಿರ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಂದರೆ 6,300 ಅಡಿ. ಹಾಗಾಗಿ ಹತ್ತಾರು ಗಂಟೆಯ ಪ್ರಯಾಣದಲ್ಲಿ ಊಟ ಮಾಡುವವರು ದೇಹದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೋ ಅದಕ್ಕಿಂತ ಎತ್ತರದಲ್ಲೋ ಎಲೆ ಹಾಸಿ ಕುಳಿತವರು.

ಮುಳ್ಳಯ್ಯನಗಿರಿಯ ಮೇಲೆ ಮಂಜಿದೆ, ತೇವವಿದೆ. ವಿಮಾನದೊಳಗೆ ಅದೂ ಇಲ್ಲ. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಬಿಸಿ ಮಾಡಿ ಒಳಗೆ ಬಿಡುವುದರಿಂದ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕೆಳಗಿರುತ್ತದೆ. ಮಳೆಗಾಲದ ಆಗುಂಬೆಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಗಾಳಿಗೆ ಒಗ್ಗಿದ ಮೂಗು ಅಲ್ಲಿ ಗಂಟೆಯೊಳಗೆ ಒಣಗಿ ಬಿಗಿಯುತ್ತದೆ. ಒಳಗಿರುವ ಅಷ್ಟಿಷ್ಟು ತೇವವೂ ಹೆಚ್ಚಾಗಿ ಪ್ರಯಾಣಿಕರ ಉಸಿರಿನದು. ಹಾಗಾಗಿ ಜನ ಕಿಕ್ಕಿರಿದ ಇಕಾನಮಿಗಿಂತ, ಕೆಲವೇ ಆಸನಗಳಿರುವ ಬಿಸಿನೆಸ್ ಕ್ಲಾಸಿನ ಗಾಳಿ ಇನ್ನೂ ಒಣ. ಹೆಚ್ಚು ದುಡ್ಡು ಕೊಟ್ಟವರ ಮೂಗು ಹೆಚ್ಚು ಒಣಗುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಾವು ರುಚಿ ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ವಾಸನೆಯದು. ಏಲಕ್ಕಿ, ಇಂಗು, ತುಪ್ಪ, ಕೊತ್ತಂಬರಿ ಸೊಪ್ಪು ನಾಲಿಗೆಗಿಂತ ಮೂಗಿನ ಮೂಲಕವೇ ನಮಗೆ ಗೊತ್ತಾಗುವುದು. ನೆಗಡಿಯಾದಾಗ ಸಾರು ಬಿಸಿನೀರಾಗುತ್ತದಲ್ಲ, ಅದೇ ಸ್ಥಿತಿ.

ಇದನ್ನು ಅಳೆದು ನೋಡಿದ್ದಾರೆ. ಲುಫ್ತಾನ್ಸಾ ವಿಮಾನಸಂಸ್ಥೆಯ ಕೋರಿಕೆಯಂತೆ ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2010ರ ಸುಮಾರಿನಲ್ಲಿ ಹಳೆಯ ಏರ್‌ಬಸ್ ಎ310ರ ತುಂಡೊಂದನ್ನು ಒತ್ತಡದ ಕೋಣೆಯೊಳಗಿಟ್ಟು, ಒತ್ತಡ ಮತ್ತು ತೇವಾಂಶ ಇಳಿಸಿ, ಎಂಜಿನ್ನಿನ ಸದ್ದನ್ನೂ ಕೇಳಿಸಿ ಜನರಿಗೆ ಊಟ ಕೊಟ್ಟಿತು. ಉಪ್ಪಿನ ಅರಿವು ಶೇಕಡಾ 20ರಿಂದ 30, ಸಿಹಿಯ ಅರಿವು 15ರಿಂದ 20ರಷ್ಟು ಕುಗ್ಗಿತ್ತು. ಹುಳಿ, ಕಹಿ, ಖಾರ ಹೆಚ್ಚು ಕಡಿಮೆ ಹಾಗೆಯೇ ಉಳಿದಿದ್ದವು. ಈ ಕೊನೆಯ ವಾಕ್ಯವನ್ನು ಮಲೆನಾಡಿನವರು ಎರಡು ಸಲ ಓದಬೇಕು. ಅದರ ಮಾತು ಮುಂದೆ ಬರುತ್ತದೆ.

ಸದ್ದಿನದು ಬೇರೆಯೇ ಕಥೆ. ವಿಮಾನದೊಳಗಿನ ಸದ್ದು 80ರಿಂದ 85 ಡೆಸಿಬೆಲ್ ಇರುತ್ತದೆ, ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಎಡೆಬಿಡದೆ ಸುರಿದ ಹಾಗೆ, ಹತ್ತು ಗಂಟೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಿಂಬರ್ಲಿ ಯಾನ್ ಮತ್ತು ರಾಬಿನ್ ಡ್ಯಾಂಡೊ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಸದ್ದು ಕಿವಿಗೆ ಬೀಳುತ್ತಿದ್ದಾಗ ಸಿಹಿ ಮಂಕಾಯಿತು, ಉಮಾಮಿ ಎಂಬ ಐದನೆಯ ರುಚಿ ಮಾತ್ರ ಏರಿತು. ಟೊಮೆಟೊ, ಅಣಬೆ, ಹಳೆಯ ಚೀಸ್, ಸೋಯಾ ಸಾಸ್, ಮೀನು–ಮಾಂಸದ ಗಟ್ಟಿ ಸಾರು ಇವುಗಳಲ್ಲಿರುವ ತುಂಬುರುಚಿ ಅದು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡ ಗುರುತಿಸಿದ್ದು. ನೆಲದ ಮೇಲೆ ಟೊಮೆಟೊ ರಸದ ಹೆಸರೆತ್ತದವರೂ ವಿಮಾನದಲ್ಲಿ ಅದನ್ನೇ ಕೇಳಿ ಕುಡಿಯುವುದಕ್ಕೆ ಇದು ಒಂದು ಕಾರಣ. ಸದ್ದಿನ ವಿಷಯದಲ್ಲಿ ಬಿಸಿನೆಸ್ ಕ್ಲಾಸಿನವರಿಗೆ ಸ್ವಲ್ಪ ಲಾಭವಿದೆ. ಅವರ ಆಸನಗಳು ಸಾಮಾನ್ಯವಾಗಿ ಎಂಜಿನ್ನಿಗಿಂತ ಮುಂದಿರುತ್ತವೆ, ಸದ್ದು ತುಸು ಕಡಿಮೆ. ಸದ್ದು ತಡೆಯುವ ಹೆಡ್‌ಫೋನ್ ಕೊಟ್ಟಿದ್ದರೆ ಊಟದ ಹೊತ್ತಿಗೂ ತೆಗೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಅಡುಗೆಯ ಕಡೆಗೆ ಬರೋಣ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದ್ದರೂ ಖಂಡಾಂತರ ವಿಮಾನ ಹಿಡಿಯಲು ನಾವು ಬೆಂಗಳೂರಿಗೇ ಹೋಗಬೇಕು. ಆ ವಿಮಾನಗಳ ಊಟ ನಿಲ್ದಾಣದ ಆಸುಪಾಸಿನ ದೊಡ್ಡ ಕ್ಯಾಟರಿಂಗ್ ಅಡುಗೆಮನೆಗಳಲ್ಲಿ ತಯಾರಾಗುತ್ತದೆ. ಒಂದೇ ಅಡುಗೆಮನೆ ಹಲವು ಸಂಸ್ಥೆಗಳಿಗೆ ಊಟ ಒದಗಿಸುತ್ತದೆ. ಹಾರಾಟಕ್ಕೆ ಹಲವು ಗಂಟೆ ಮೊದಲೇ, ಕೆಲವೊಮ್ಮೆ ಹಿಂದಿನ ದಿನವೇ ಅಡುಗೆ ಮುಗಿದಿರುತ್ತದೆ. ಬೆಂದದ್ದನ್ನು ಭಾರೀ ತಣ್ಣನೆಯ ಗಾಳಿ ಬೀಸುವ ಯಂತ್ರದೊಳಗೆ ತಳ್ಳಿ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಕ್ಕೆ ಬೇಗ ಇಳಿಸುತ್ತಾರೆ. ಅಲ್ಲಿಂದ ಟ್ರಾಲಿ, ಶೀತಲ ಲಾರಿ, ಕೊನೆಗೆ ಗ್ಯಾಲಿ ಎಂಬ ವಿಮಾನದೊಳಗಿನ ಪುಟ್ಟ ಅಡುಗೆಕೋಣೆ. ಹಾರಿದ ಮೇಲೆ ಓವನ್ನಿನಲ್ಲಿ ಸುಮಾರು 20 ನಿಮಿಷ ಬಿಸಿ ಗಾಳಿಯಲ್ಲೋ ಹಬೆಯಲ್ಲೋ ಕಾಯಿಸುತ್ತಾರೆ.

ಇಷ್ಟು ತಣಿಸುವುದು ಏಕೆ ಎಂದು ಕೇಳುವವರಿಗೆ 1975ರ ಫೆಬ್ರವರಿಯ ಘಟನೆಯೊಂದನ್ನು ಹೇಳಬೇಕು. ಟೋಕಿಯೊದಿಂದ ಅಲಾಸ್ಕಾದ ಆಂಕರೇಜ್ ಮಾರ್ಗವಾಗಿ ಕೋಪನ್‌ಹೇಗನ್ ಕಡೆಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್‌ನ ಜಂಬೊ ವಿಮಾನದಲ್ಲಿ ಬೆಳಗಿನ ಆಮ್ಲೆಟ್ ತಿಂದವರಲ್ಲಿ ಸುಮಾರು 200 ಮಂದಿ ವಾಂತಿಭೇದಿಯಿಂದ ಕುಸಿದರು. 140ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆಂಕರೇಜಿನ ಅಡುಗೆಯವನೊಬ್ಬನ ಬೆರಳಿನ ಕೀವುಗಾಯದಿಂದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಆ ಆಮ್ಲೆಟ್ಟಿನ ಹ್ಯಾಮ್‌ಗೆ, ಅಂದರೆ ಹಂದಿಮಾಂಸಕ್ಕೆ ಸೇರಿತ್ತು, ಊಟವನ್ನು ಗಂಟೆಗಟ್ಟಲೆ ತಣ್ಣಗಿಡದೆ ಬಿಟ್ಟಿದ್ದರು. ಆ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅದೃಷ್ಟಕ್ಕೆ ಪೈಲಟ್‌ಗಳು ಆ ಆಮ್ಲೆಟ್ ತಿಂದಿರಲಿಲ್ಲ. ಪೈಲಟ್ ಮತ್ತು ಸಹಪೈಲಟ್ ಬೇರೆ ಬೇರೆ ಊಟ ಮಾಡಬೇಕೆಂಬ ಪದ್ಧತಿಯನ್ನು ವಿಮಾನಸಂಸ್ಥೆಗಳು ಇಂಥ ಭಯದಿಂದಲೇ ಪಾಲಿಸುತ್ತವೆ. 40,000 ಅಡಿ ಎತ್ತರದಲ್ಲಿ ಆಸ್ಪತ್ರೆಯಿಲ್ಲ. ರುಚಿಗಿಂತ ಸುರಕ್ಷೆ ಮೊದಲು ಎಂಬ ಆ ಕಟ್ಟುನಿಟ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಆ ತಣಿಸುವಿಕೆಯೇ ಅನ್ನವನ್ನು ಕೆಡಿಸುತ್ತದೆ. ನಮ್ಮವರ ದೂರಿನಲ್ಲಿ ಮೊದಲು ಬರುವುದೇ ಅನ್ನ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆಯಿವೆ. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಅವುಗಳ ಎಳೆಗಳು ಸಡಿಲವಾಗುತ್ತವೆ. ಅದೇ ಬಿಸಿ ಅನ್ನದ ಮೃದುತ್ವ. ತಣಿದಾಗ ಆ ಎಳೆಗಳು ಮತ್ತೆ ಹತ್ತಿರ ಸೇರಿ ಹರಳುಗಟ್ಟುತ್ತವೆ, ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತವೆ. ಈ ಕ್ರಿಯೆ ಅತಿ ವೇಗವಾಗಿ ನಡೆಯುವುದು ಫ್ರಿಜ್ಜಿನ ತಾಪಮಾನದಲ್ಲಿ, 4 ಡಿಗ್ರಿಯ ಹತ್ತಿರ. ಅಂದರೆ ಆರೋಗ್ಯದ ನಿಯಮ ಎಲ್ಲಿ ಇಡು ಎನ್ನುತ್ತದೆಯೋ ಅಲ್ಲೇ ಅನ್ನ ಅತಿ ಬೇಗ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದಾಗ ಅಮೈಲೋಪೆಕ್ಟಿನ್ನಿನ ಹರಳು ಕರಗುತ್ತದೆ. ಅಮೈಲೋಸಿನದು ಓವನ್ನಿನ ಆ ಬಿಸಿಗೆ ಕರಗುವುದಿಲ್ಲ. ಉದುರುದುರಾದ ಉದ್ದಕ್ಕಿಯಲ್ಲಿ ಅಮೈಲೋಸ್ ಹೆಚ್ಚು, ಹಾಗಾಗಿ ಹೋಟೆಲಿನಲ್ಲಿ ಮೆರೆಯುವ ಜೀರಾ ರೈಸ್ ವಿಮಾನದಲ್ಲಿ ಬಿರುಸಾಗುತ್ತದೆ. ಅಂಟು ಹೆಚ್ಚಿರುವ ಜಪಾನಿ ಅಕ್ಕಿ ಅಷ್ಟು ಕೆಡುವುದಿಲ್ಲ. ಹಾಗೆಂದು ಅನ್ನವನ್ನು ತಣಿಸದೆ ಇಡುವಂತೆಯೂ ಇಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ, ಬೇಯಿಸಿದರೂ ಸಾಯದ ಬೀಜಾಣುಗಳು ಬೆಚ್ಚಗಿನ ಅನ್ನದಲ್ಲಿ ಮೊಳೆತುಬಿಡುತ್ತವೆ. ಇದಕ್ಕೆ ಹಾಂಗ್‌ಕಾಂಗಿನ ಕೆಥೆ ಪೆಸಿಫಿಕ್ ಕಂಡುಕೊಂಡ ದಾರಿ ನೇರವಾದದ್ದು: ವಿಮಾನದೊಳಗೇ ರೈಸ್ ಕುಕ್ಕರ್ ಇಟ್ಟಿತು.

ಇದನ್ನು ನಮ್ಮ ಮನೆಯ ಹೆಂಗಸರಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ನೀರುದೋಸೆಯನ್ನು ಕಾವಲಿಯಿಂದ ಎತ್ತಿದ ಕೂಡಲೇ ತಿನ್ನಬೇಕು, ಅಕ್ಕಿರೊಟ್ಟಿ ಆರಿದರೆ ಮುರಿಯಲು ಎರಡು ಕೈ ಬೇಕು. ಕಡುಬು ಮಾತ್ರ ನಿನ್ನೆಯದಾದರೂ ಹಬೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಒಳಗೆ ನೀರಿನಂಶ ಹಿಡಿದಿರುತ್ತದೆ, ಹಬೆ ಅದನ್ನು ಮರಳಿಸುತ್ತದೆ. ಕೋಳಿಸಾರು, ಅಣಬೆ ಸಾರು ಮರುದಿನ ಇನ್ನೂ ರುಚಿ. ಇದೇ ತಿಳಿವಳಿಕೆಯಿಂದ ಬಿಸಿನೆಸ್ ಕ್ಲಾಸಿನ ಮೆನು ಓದಿದರೆ ಅರ್ಧ ಗೆದ್ದಂತೆ. ರಸ, ಗೊಜ್ಜು, ಗ್ರೇವಿಯಲ್ಲಿ ಮುಳುಗಿದ್ದು ಓವನ್ನನ್ನು ತಾಳಿಕೊಳ್ಳುತ್ತದೆ. ಗರಿಗರಿ ಎಂದು ಬರೆದದ್ದೆಲ್ಲ ಮೆತ್ತಗಾಗಿರುತ್ತದೆ, ತೆಳ್ಳನೆಯ ಮೀನಿನ ಹೋಳು ಒಣಗಿರುತ್ತದೆ, ಆಮ್ಲೆಟ್ ರಬ್ಬರಾಗಿರುತ್ತದೆ. ಸ್ಟೇಕಿಗೆ ಆಸೆಪಡುವವರು ಅದು ಎರಡನೆಯ ಸಲ ಬೇಯುತ್ತಿದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಹೆಚ್ಚು ದುಡ್ಡಿಗೆ ಸಿಗುವುದೇನು? ಇಕಾನಮಿಯಲ್ಲಿ ಅನ್ನ, ಪಲ್ಯ, ಮೇಲೋಗರ ಮೂರೂ ಒಂದೇ ಫಾಯಿಲ್ ಡಬ್ಬಿಯಲ್ಲಿ, ಒಂದೇ ಕಾವಿನಲ್ಲಿ ಕಾಯುತ್ತವೆ. ಅನ್ನಕ್ಕೆ ಸರಿಯಾದ ಬಿಸಿ ಹುರುಳಿಕಾಯಿಗೆ ಅತಿಯಾಗುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಒಬ್ಬೊಬ್ಬ ಸಿಬ್ಬಂದಿಗೆ ನೋಡಿಕೊಳ್ಳಬೇಕಾದವರು ಕಡಿಮೆ. ಹಾಗಾಗಿ ಬೇರೆ ಬೇರೆ ಬಿಸಿ ಮಾಡಿ ತಟ್ಟೆಯಲ್ಲಿ ಜೋಡಿಸಲು, ಸೊಪ್ಪು, ಚಟ್ನಿ, ನಿಂಬೆಯನ್ನು ಕೊನೆಗೆ ಸೇರಿಸಲು, ಒಂದು ಮುಗಿದ ಮೇಲೆ ಇನ್ನೊಂದು ತರಲು ಸಮಯವಿರುತ್ತದೆ. ಓವನ್ನಿಗೆ ಹೋಗದ ಪದಾರ್ಥಗಳೂ ಹೆಚ್ಚಿರುತ್ತವೆ: ಸಲಾಡ್, ಚೀಸ್, ಹಣ್ಣು, ಸಿಹಿ. ನನ್ನನ್ನು ಕೇಳಿದರೆ ಆ ತಟ್ಟೆಯಲ್ಲಿ ನಂಬಬಹುದಾದದ್ದು ತಣ್ಣಗೇ ಬಡಿಸುವ ಮೊದಲ ಸುತ್ತೇ. ಭಾರದ ಚಮಚ, ಗಾಜಿನ ಲೋಟ ಕೂಡ ಬರೀ ಆಡಂಬರವಲ್ಲ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರವಾದ ಚಮಚ–ಚಾಕು ಹಿಡಿದು ಉಂಡವರು ಅದೇ ಊಟವನ್ನು ಹೆಚ್ಚು ಮೆಚ್ಚಿದ್ದರು.

ಇನ್ನೊಂದು ಮುಖ್ಯ ಸಂಗತಿ, ಊಟದ ಗುಣ ಸಂಸ್ಥೆಯ ಹೆಸರಿಗಿಂತ ಊಟವನ್ನು ವಿಮಾನಕ್ಕೆ ಹತ್ತಿಸಿದ ಊರನ್ನು ಅವಲಂಬಿಸಿದೆ. ಬೆಂಗಳೂರಿನಿಂದ ಹೊರಡುವಾಗ ಸಾಂಬಾರು ಸಾಂಬಾರಿನಂತೆಯೇ ಇರುತ್ತದೆ. ಅದೇ ಸಂಸ್ಥೆಯ ವಿಮಾನ ಯುರೋಪಿನಿಂದಲೋ ಅಮೆರಿಕದಿಂದಲೋ ಮರಳುವಾಗ ಊಟ ಆ ಊರಿನ ಅಡುಗೆಮನೆಯದು. ಹಾಗಾಗಿ ಹಿಂದಿರುಗುವ ಹಾರಾಟಕ್ಕೆ ಮೊದಲೇ ಯೋಚಿಸಿ ಹೇಳುವುದು ಮೇಲು. ಸಿಂಗಪುರ ಏರ್‌ಲೈನ್ಸ್‌ನ ‘ಬುಕ್ ದ ಕುಕ್’ ವ್ಯವಸ್ಥೆಯಂತೆ ಕೆಲವು ಸಂಸ್ಥೆಗಳು ಮುಖ್ಯ ಊಟವನ್ನು ಕನಿಷ್ಠ 24 ಗಂಟೆ ಮೊದಲು ಆರಿಸಲು ಬಿಡುತ್ತವೆ. ಸಸ್ಯಾಹಾರಿಗಳಿಗೆ ಎ.ವಿ.ಎಂ.ಎಲ್. ಎಂಬ ಸಂಕೇತದ ಏಷ್ಯನ್ ಸಸ್ಯಾಹಾರ, ಈರುಳ್ಳಿ–ಬೆಳ್ಳುಳ್ಳಿ ಬಿಟ್ಟವರಿಗೆ ವಿ.ಜೆ.ಎಂ.ಎಲ್. ಎಂಬ ಜೈನ ಊಟ ಇವೆ. ಟಿಕೆಟ್ ಮಾಡಿಸುವ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು. ಬರೀ ಸಸ್ಯಾಹಾರ ಎಂದು ಬರೆಸಿದರೆ ಬೇಯಿಸಿದ ತರಕಾರಿ, ಪಾಸ್ತಾ ಬರುವ ಸಂಭವವೇ ಹೆಚ್ಚು.

ಕಾಫಿಯ ಬಗ್ಗೆ ಹೇಳದಿದ್ದರೆ ಮಲೆನಾಡಿನವರು ಕ್ಷಮಿಸುವುದಿಲ್ಲ. ಎತ್ತರಕ್ಕೆ ಹೋದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ. 8,000 ಅಡಿಯ ಒತ್ತಡದಲ್ಲಿ ನೀರು ಕುದಿಯುವುದು 92 ಡಿಗ್ರಿಯ ಹತ್ತಿರ. ಕಪ್ಪು ಚಹಾಕ್ಕೆ ಕುದಿಕುದಿ ನೀರು ಬೇಕು, ಅದು ಅಲ್ಲಿ ಸಿಗುವುದೇ ಇಲ್ಲ. ಕಾಫಿಗೆ ಆ ಬಿಸಿ ಸಾಕು, ಆದರೆ ಕಾಫಿಯ ಸುಖ ಬಹುಪಾಲು ಪರಿಮಳದಲ್ಲಿದೆ; ಒಣ ಮೂಗಿಗೆ ಕಹಿ ಮಾತ್ರ ಉಳಿಯುತ್ತದೆ. ಶುಂಠಿ, ನಿಂಬೆ ಹಾಕಿದ ಚಹಾ ಇದ್ದುದರಲ್ಲಿ ವಾಸಿ.

ಹೊಟ್ಟೆಯ ಮಾತೂ ಇದೆ. ಚಿಪ್ಸ್ ಪೊಟ್ಟಣ ಹಿಡಿದು ಮುಳ್ಳಯ್ಯನಗಿರಿ ಹತ್ತಿದವರು ಅದು ಮೇಲೆ ಊದಿಕೊಂಡದ್ದನ್ನು ನೋಡಿರುತ್ತಾರೆ. 8,000 ಅಡಿಯ ಒತ್ತಡದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹಿಗ್ಗುತ್ತದೆ, ಹೊಟ್ಟೆಯೊಳಗಿನದೂ. ರಾಜ್ಮಾ, ಕಡಲೆ, ಎಲೆಕೋಸು, ಸೋಡಾ ಬೇಡವೆನ್ನುವುದು ಇದಕ್ಕೇ. ಅದರ ಮೇಲೆ, ಬೆಂಗಳೂರಿನಿಂದ ಯುರೋಪಿಗೆ ಹೊರಡುವ ಹಲವು ವಿಮಾನಗಳು ನಡುರಾತ್ರಿಯ ನಂತರದವು. ಶಿವಮೊಗ್ಗದಿಂದ ಮಧ್ಯಾಹ್ನ ಹೊರಟು, ದೇವನಹಳ್ಳಿ ತಲುಪಿ, ಬೆಳಗಿನ ಜಾವ ಮೂರಕ್ಕೆ ನಾಲ್ಕು ಬಗೆಯ ಊಟದ ಮುಂದೆ ಕುಳಿತರೆ ಎಂಥ ಊಟವೂ ರುಚಿಸದು. ಆ ಹೊತ್ತಿಗೆ ಜಠರವೂ ನಿದ್ದೆಗೆ ಜಾರಿರುತ್ತದೆ. ಬಿಸಿನೆಸ್ ಕ್ಲಾಸ್ ಟಿಕೆಟ್ಟಿನೊಂದಿಗೆ ಸಾಮಾನ್ಯವಾಗಿ ಲಾಂಜ್, ಅಂದರೆ ನಿಲ್ದಾಣದ ವಿಶ್ರಾಂತಿ ಕೋಣೆಗೆ ಪ್ರವೇಶವೂ ಇರುತ್ತದೆ. ಅಲ್ಲಿನ ಊಟ ನೆಲದ ಮೇಲಿನದು, ಹೆಚ್ಚು ಪಾಲು ಆಗತಾನೆ ಮಾಡಿದ್ದು, ನಾಲಿಗೆಯೂ ಮೂಗೂ ಅಲ್ಲಿ ಸರಿಯಾಗಿರುತ್ತವೆ. ಅಲ್ಲಿ ಹೊಟ್ಟೆತುಂಬ ಉಂಡು, ಹತ್ತಿದ ಕೂಡಲೇ ಮಲಗಿ, ಎದ್ದ ಮೇಲೆ ಊಟ ಕೊಡಿ ಎಂದು ಸಿಬ್ಬಂದಿಗೆ ಹೇಳುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹಲವು ಸಂಸ್ಥೆಗಳು ಬೇಕಾದ ಹೊತ್ತಿಗೆ ಬಡಿಸುತ್ತವೆ. ಕೇಳಲು ನಮ್ಮವರಿಗೆ ಸಂಕೋಚ, ಅಷ್ಟೇ.

ಜರ್ಮನಿಯ ಪ್ರಯೋಗದಲ್ಲಿ ಕುಗ್ಗದೆ ಉಳಿದದ್ದು ಹುಳಿ, ಕಹಿ, ಖಾರ ಎಂದೆನಲ್ಲ, ಮಲೆನಾಡಿನ ಅಡುಗೆಮನೆ ನಿಂತಿರುವುದೇ ಈ ಮೂರರ ಮೇಲೆ. ಅಪ್ಪೆಹುಳಿ, ಒಂದೆಲಗದ ತಂಬುಳಿ, ಕಾಳುಮೆಣಸಿನ ಸಾರು, ಹಾಗಲಕಾಯಿ ಗೊಜ್ಜು. ತಂಬುಳಿಯನ್ನು ಕಾಯಿಸುವ ಹಾಗೇ ಇಲ್ಲ, ಓವನ್ನಿನ ಹಂಗಿಲ್ಲ. ಕಾಳುಮೆಣಸಿನ ಖಾರ ನಾಲಿಗೆಯ ರುಚಿಮೊಗ್ಗುಗಳನ್ನು ನಂಬಿಕೊಂಡದ್ದಲ್ಲ, ನರಗಳಿಗೆ ನೇರ ತಾಗುವಂಥದ್ದು. ಅಣಬೆ ಸಾರಿಗೆ ಉಮಾಮಿಯ ಬಲವಿದೆ, ಕಡುಬಿಗೆ ಹಬೆಯ ಓವನ್ ಸಾಕು, ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೆಡದ ಅಪ್ಪೆಮಿಡಿಗೆ ಯಾವ ತಣಿಸುವಿಕೆಯೂ ಲೆಕ್ಕಕ್ಕಿಲ್ಲ. ಬೆಂಗಳೂರಿನಿಂದ ಹಾರುವ ವಿಮಾನಗಳ ಮೆನುವಿನಲ್ಲಿ ಪನೀರ್ ಮಖನಿಯ ಪಕ್ಕ ಈ ಪದಾರ್ಥಗಳಿಗೆ ಜಾಗ ಸಿಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಊರಿನ ಅಭಿಮಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಪನೀರ್ ಮಖನಿಯ ರುಚಿ ನಿಂತಿರುವುದು ಬೆಣ್ಣೆಯ ವಾಸನೆ ಮತ್ತು ನಸುಸಿಹಿಯ ಮೇಲೆ, ಅವೆರಡನ್ನೂ ಆಕಾಶ ಮೊದಲು ಕಸಿದುಕೊಳ್ಳುತ್ತದೆ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನೇ ಬಳಸಿಕೊಳ್ಳಬೇಕು. ಪಾನೀಯಗಳಿಗೆಂದು ನಿಂಬೆಹಣ್ಣಿನ ಹೋಳು ಗ್ಯಾಲಿಯಲ್ಲಿ ಇದ್ದೇ ಇರುತ್ತದೆ, ಕಾಳುಮೆಣಸಿನ ಪುಡಿಯೂ ಇರುತ್ತದೆ. ಎರಡನ್ನೂ ಕೇಳಿ ತರಿಸಿಕೊಂಡು ದಾಲ್, ಅನ್ನ, ಸೂಪು ಯಾವುದರ ಮೇಲೆ ಬೇಕಾದರೂ ಹಾಕಿಕೊಳ್ಳಬಹುದು. ಇನ್ನಷ್ಟು ಉಪ್ಪು ಮಾತ್ರ ಬೇಡ. ನಾಲಿಗೆಗೆ ಗೊತ್ತಾಗದಿದ್ದರೂ ವಿಮಾನದ ಊಟಕ್ಕೆ ಅಡುಗೆಮನೆಯಲ್ಲೇ ಒಂದು ಪಾಲು ಹೆಚ್ಚು ಉಪ್ಪು ಬಿದ್ದಿರುವುದುಂಟು, ರಕ್ತದೊತ್ತಡ ಇರುವ ಹಿರಿಯರಿಗೆ ಅದೇ ಸಾಕಷ್ಟಾಯಿತು.